ಸಹಿ ಅಂದ್ರೆ ಬೋರ್ಡಲ್ಲ

ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸುವ ಅಪ್ಪ-ಅಮ್ಮಂದಿರ ಬಗ್ಗೆ ನನಗೆ ತಕರಾರಿಲ್ಲ. ಅವರು ಹಾಕುವ ಸಹಿಯ ಬಗ್ಗೆ ಇದೆ.

ನಗಬೇಡಿ, ಸ್ವಲ್ಪ ಕೇಳಿ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಕಡೆ ಈಗ ಅಲ್ಲೊಂದು ಇಲ್ಲೊಂದು ಇಂಥ ಮನೆ ಸಿಗುತ್ತದೆ. ಗಂಡ-ಹೆಂಡತಿ ಇಬ್ಬರೂ ಓದಿದವರು, ಮಕ್ಕಳು ಮನೆಯಲ್ಲಿ. ಹೋಮ್‌ಸ್ಕೂಲಿಂಗ್ ಅಂತಾರೆ, ನಾನು ಮನೆಶಾಲೆ ಅಂತೀನಿ. ಈ ಮನೆಗಳಿಂದ ಬರುವ ಪತ್ರ, ಮೇಲ್, ಮಕ್ಕಳ ಪ್ರಾಜೆಕ್ಟ್ ಫೈಲಿನ ರಟ್ಟು, ಕೊನೆಗೆ ಭಾನುವಾರ ಪಾರ್ಕಿನಲ್ಲಿ ಕೈಗಿಡುವ ಕಾರ್ಡು, ಎಲ್ಲದರ ಕೆಳಗೂ ಒಂದು ಸಹಿ ಇರುತ್ತದೆ. ಬರೀ ಹೆಸರಲ್ಲ. ಹೆಸರಿನ ಕೆಳಗೆ ನಾಲ್ಕು ಸಾಲು.

ನನ್ನ ಹಳೇ ಸಹೋದ್ಯೋಗಿಯೊಬ್ಬರು ಬಸವೇಶ್ವರನಗರದಲ್ಲಿದ್ದಾರೆ. ಹನ್ನೊಂದು ವರ್ಷ ಡೇಟಾಬೇಸ್ ಕೆಲಸ ಮಾಡಿ, ಬಿಟ್ಟು, ಈಗ ಇಬ್ಬರು ಮಕ್ಕಳಿಗೆ ಮನೆಯಲ್ಲೇ ಕಲಿಸುತ್ತಿದ್ದಾರೆ. ಅವರು ತಮ್ಮ ಸಹಿ ಡಿಸೈನ್ ಮಾಡಿ ನನಗೆ ತೋರಿಸಿದರು. "ಎಲೆ ಚಿತ್ರ ಇರ್ಲಾ, ತೆಗೀಲಾ ಹೇಳಿ" ಅಂತ ಕೇಳಿದರು. ಅದರಲ್ಲಿ ಹೀಗಿತ್ತು: 'ಮಾಮ್ ಆಫ್ ಟು, 9 ಮತ್ತು 6. ಅನ್‌ಸ್ಕೂಲಿಂಗ್ ಸಿನ್ಸ್ 2019. ವಾಲ್ಡಾರ್ಫ್ ಹಾರ್ಟ್, ಮಾಂಟೆಸ್ಸೊರಿ ಹ್ಯಾಂಡ್ಸ್.' ಅದರ ಕೆಳಗೆ ದೊಡ್ಡವನ ಹೆಸರು, ಅವನು ಓದಿ ಮುಗಿಸಿದ ಪುಸ್ತಕಗಳ ಲೆಕ್ಕ. ಚಿಕ್ಕವಳ ಹೆಸರು, ಅವಳ ಪಿಯಾನೋ ಗ್ರೇಡು. ಅವರ ಹೆಸರು ಎಲ್ಲಕ್ಕಿಂತ ಸಣ್ಣ ಅಕ್ಷರದಲ್ಲಿತ್ತು.

ಎಲೆ ಇರಲಿ, ಉಳಿದದ್ದು ತೆಗೀರಿ ಅಂದೆ. ಅವರಿಗೆ ಬೇಜಾರಾಯಿತು. ಯಾಕೆ ಅಂದೆ ಅನ್ನೋದನ್ನು ಇಲ್ಲಿ ಬರೀತಿದ್ದೀನಿ, ಯಾಕಂದ್ರೆ ಈ ಸಹಿ ಅವರೊಬ್ಬರದಲ್ಲ. ಅಪ್ಪಂದಿರೂ ಹಿಂದೆ ಬಿದ್ದಿಲ್ಲ: 'ಚೀಫ್ ಲರ್ನಿಂಗ್ ಆಫೀಸರ್, ನಮ್ಮನೆ' ಅಂತ ಕಾರ್ಡ್ ಹೊಡೆಸಿದವರನ್ನೂ ಕಂಡಿದ್ದೇನೆ.

ನಮ್ಮೂರು ನಾಗಮಂಗಲದ ಕಡೆ. ನಮ್ಮೂರಿನ ಸರ್ಕಾರಿ ಶಾಲೆಯ ಪ್ರಗತಿ ಪತ್ರ ನೆನಪಿಸಿಕೊಳ್ಳಿ, ನಿಮ್ಮದೂ ಹಾಗೇ ಇದ್ದಿರುತ್ತದೆ. ಅಂಕಗಳ ಕೆಳಗೆ ಮೂರು ಖಾಲಿ ಜಾಗ: ತರಗತಿ ಶಿಕ್ಷಕರ ಸಹಿ, ಮುಖ್ಯೋಪಾಧ್ಯಾಯರ ಸಹಿ, ಪೋಷಕರ ಸಹಿ. ಮೊದಲನೆಯದಕ್ಕೆ 'ನಾನು ಕಲಿಸಿದೆ' ಅಂತ ಅರ್ಥ. ಎರಡನೆಯದಕ್ಕೆ 'ಇವರು ಕಲಿಸಿದ್ದನ್ನು ನಾನು ನೋಡಿದೆ' ಅಂತ. ಮೂರನೆಯದಕ್ಕೆ 'ನನಗೆ ಗೊತ್ತಾಯಿತು' ಅಂತ. ಎಷ್ಟೋ ಶಾಲೆಗಳಲ್ಲಿ ಈ ಮೂರೂ ಕಾಟಾಚಾರಕ್ಕೆ ನಡೆದದ್ದುಂಟು, ಒಪ್ಪಿದೆ. ಆದರೂ ಜಾಗ ಮೂರಿತ್ತು. ಒಬ್ಬರು ತಪ್ಪಿದರೆ ಇನ್ನೊಬ್ಬರನ್ನು ಕೇಳಬಹುದಿತ್ತು. 2001ರಲ್ಲಿ ಕರ್ನಾಟಕದ ಸರ್ಕಾರಿ ಶಾಲೆಗಳಿಗೆ ಎಸ್‌ಡಿಎಂಸಿ ಬಂದ ಮೇಲೆ ಸಭೆಯ ನಡಾವಳಿ ಪುಸ್ತಕಕ್ಕೆ ಪೋಷಕರೂ ಸಹಿ ಹಾಕತೊಡಗಿದರು. ಕೆಲವರದ್ದು ಹೆಬ್ಬೆಟ್ಟು. ಹೆಬ್ಬೆಟ್ಟು ಒತ್ತುವವರೂ ಹೆಡ್‌ಮೇಷ್ಟ್ರನ್ನು "ಯಾಕ್ ಸಾರ್ ಮೂರು ದಿನದಿಂದ ಬಿಸಿಯೂಟ ಇಲ್ಲ?" ಅಂತ ಕೇಳುವ ಹಾಗಾಯಿತು.

ಮನೆಶಾಲೆ ಮಾಡುವವರು ಏನು ಮಾಡಿದ್ದಾರೆ ಅಂದ್ರೆ, ಈ ಮೂರೂ ಜಾಗಕ್ಕೆ ತಾವೇ ಸಹಿ ಹಾಕುತ್ತೇವೆ ಅಂತ ನಿಂತಿದ್ದಾರೆ. ಕಲಿಸುವವರೂ ಅವರೇ, ನೋಡುವವರೂ ಅವರೇ, ಒಪ್ಪುವವರೂ ಅವರೇ. ಧೈರ್ಯದ ಕೆಲಸ, ಅದಕ್ಕೆ ನಮಸ್ಕಾರ. ಆದರೆ ಮೂರು ಜನರ ಭಾರ ಹೊರಬೇಕಾದ ಸಹಿಯನ್ನು ಹಿಡಿದು ಅಂಗಡಿ ಬೋರ್ಡು ಮಾಡಿದರೆ ಹೇಗೆ?

ಐಟಿಯವರಿಗೆ ನಮ್ಮ ಭಾಷೆಯಲ್ಲೇ ಹೇಳಿಬಿಡ್ತೀನಿ. 2003ರಲ್ಲಿ ಎಸ್‌ಸಿಒ ಅನ್ನೋ ಕಂಪನಿ ಲಿನಕ್ಸ್‌ನಲ್ಲಿ ತನ್ನ ಕೋಡ್ ಇದೆ ಅಂತ ಐಬಿಎಂ ಮೇಲೆ ಕೇಸು ಹಾಕಿತು. ಯಾವ ಸಾಲು ಯಾರಿಂದ ಬಂತು ಅನ್ನೋ ಪ್ರಶ್ನೆ ಎದ್ದಿತು. 2004ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಒಂದು ನಿಯಮ ತಂದರು: ಕೋಡ್ ಕಳಿಸುವ ಪ್ರತಿಯೊಬ್ಬರೂ ಕೊನೆಗೆ 'ಸೈನ್ಡ್-ಆಫ್-ಬೈ' ಅಂತ ಒಂದು ಸಾಲು ಹಾಕಬೇಕು. ಹೆಸರು, ಮೇಲ್ ವಿಳಾಸ, ಅಷ್ಟೇ. ನಾನು ಇಂಥ ಕಾಲೇಜು, ನನ್ನ ಫೇವರಿಟ್ ಎಡಿಟರ್ ಇದು, ನಾನು ಇಷ್ಟು ಪ್ಯಾಚ್ ಕಳಿಸಿದ್ದೀನಿ ಅಂತ ಯಾರೂ ಬರೆಯಲ್ಲ. ಆ ಒಂದು ಸಾಲಿಗೆ 'ಇದನ್ನು ಕೊಡುವ ಹಕ್ಕು ನನಗಿದೆ, ಇದರ ಹೊಣೆ ನನ್ನದು' ಅಂತ ಅರ್ಥ. ರಿವ್ಯೂ ಮಾಡಿದವರಿಗೆ ಬೇರೆ ಸಾಲು, ಟೆಸ್ಟ್ ಮಾಡಿದವರಿಗೆ ಬೇರೆ ಸಾಲು. ನಮ್ಮ ಟೀಮಲ್ಲಿ ಯಾರಾದರೂ ತಾವೇ ಬರೆದು, ತಾವೇ ರಿವ್ಯೂ ಮಾಡಿ, ತಾವೇ ಟೆಸ್ಟ್ ಪಾಸ್ ಅಂತ ಹಾಕಿ ಮರ್ಜ್ ಮಾಡಿದರೆ ಬಿಡ್ತೀವಾ? ಪೇಮೆಂಟ್ ಪೇಜಿಗೆ ಬಿಡದವರು ಮಗುವಿನ ಎಂಟು ವರ್ಷಕ್ಕೆ ಬಿಡ್ತೀವಿ!

ಕಾನೂನಿನಲ್ಲೂ ಈ ಸಹಿಯ ತೂಕ ಸಣ್ಣದಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. 6ರಿಂದ 14 ವರ್ಷದ ಮಗುವಿಗೆ ಶಿಕ್ಷಣ ಹಕ್ಕು. ಮಗುವನ್ನು ಹತ್ತಿರದ ಶಾಲೆಗೆ ಸೇರಿಸುವುದು ತಂದೆ-ತಾಯಿಯ ಕರ್ತವ್ಯ ಅಂತ 10ನೇ ಸೆಕ್ಷನ್ ಹೇಳುತ್ತದೆ. ಮನೆಶಾಲೆ ಮಾಡಬಹುದು ಅಂತ ಆ ಕಾಯಿದೆಯಲ್ಲಿ ಇಲ್ಲ. ಸೇರಿಸದ ಅಪ್ಪ-ಅಮ್ಮನಿಗೆ ಇಷ್ಟು ದಂಡ ಅಂತಲೂ ಇಲ್ಲ. ಈ ಸಂದಿಯಲ್ಲಿ ಕೂತು ಕಲಿಸುತ್ತಿರುವವರಿಗೆ ಇನ್‌ಸ್ಪೆಕ್ಟರ್ ಇಲ್ಲ, ಬಿಇಒ ಇಲ್ಲ, ಹಾಜರಿ ಪುಸ್ತಕ ಇಲ್ಲ. ಉಳಿದಿರುವುದು ಒಂದೇ ಕಾಗದ, ಅದರ ಕೆಳಗೆ ಅವರ ಹೆಸರು.

ಹಾಗಿದ್ದ ಮೇಲೆ ಆ ಹೆಸರಿನ ಕೆಳಗೆ ಏನು ಬರೀತೀವಿ ಅನ್ನೋದು ಸಣ್ಣ ವಿಷಯವೇ?

ಸಹಿ ಅನ್ನೋದನ್ನು ಕನ್ನಡದವರಷ್ಟು ಗಂಭೀರವಾಗಿ ತಗೊಂಡವರು ಕಡಿಮೆ. ಎಂಟುನೂರು ವರ್ಷದ ಮೇಲಾಯಿತು, ವಚನ ಬರೆದವರನ್ನು ನಾವು ಇವತ್ತಿಗೂ ಗುರುತು ಹಿಡಿಯುವುದು ಅಂಕಿತದಿಂದ. ಬಸವಣ್ಣನವರ ಹೆಸರು ಹೊತ್ತ ಬಡಾವಣೆಯಲ್ಲೇ ನನ್ನ ಗೆಳತಿ ಇರುವುದರಿಂದ ಇದನ್ನು ಹೇಳಲೇಬೇಕು: ಕೂಡಲಸಂಗಮದೇವ ಅನ್ನೋ ಅಂಕಿತದಲ್ಲಿ ಬಸವಣ್ಣನವರ ಹೆಸರೇ ಇಲ್ಲ. ಬಿಜ್ಜಳನ ಭಂಡಾರ ನೋಡಿಕೊಳ್ಳುತ್ತಿದ್ದವರು 'ಭಂಡಾರಿ, ಕಲ್ಯಾಣ' ಅಂತ ಹಾಕಿಕೊಳ್ಳಲಿಲ್ಲ. ಆ ಅಂಕಿತ ಬದಲಾಯಿಸಿ ಅಚ್ಚು ಮಾಡಿದ ಪುಸ್ತಕವನ್ನು 1998ರಲ್ಲಿ ರಾಜ್ಯ ಸರ್ಕಾರ ನಿಷೇಧಿಸಿತು, 2017ರಲ್ಲಿ ಸುಪ್ರೀಂ ಕೋರ್ಟು ಆ ನಿಷೇಧವನ್ನು ಎತ್ತಿಹಿಡಿಯಿತು. ನಿಷೇಧ ಸರಿಯೋ ತಪ್ಪೋ ಅದು ಬೇರೆ ಜಗಳ. ಕೊನೆಯ ಒಂದು ಪದಕ್ಕೆ ನಮ್ಮಲ್ಲಿ ಎಷ್ಟು ತೂಕ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಅಂಬಿಗರ ಚೌಡಯ್ಯ ಮಾತ್ರ ಬೇರೆ ದಾರಿ ಹಿಡಿದ. ತನ್ನ ಹೆಸರು, ತನ್ನ ಕಸುಬು, ಎರಡನ್ನೂ ಸೇರಿಸಿ ಅದನ್ನೇ ಅಂಕಿತ ಮಾಡಿಕೊಂಡ. ಯಾಕೆ ಚೆನ್ನಾಗಿ ಕೂರುತ್ತೆ ಅದು? ಅವನು ದೋಣಿ ಹಾಕುತ್ತಿದ್ದ. ತಾನು ಮಾಡುವ ಕೆಲಸ ಹೇಳಿದ. ಆಯ್ದಕ್ಕಿ ಲಕ್ಕಮ್ಮನ ಅಂಕಿತದೊಳಗೆ ಗಂಡ ಮಾರಯ್ಯನ ಹೆಸರಿದೆ. ಸಂಬಂಧ ಹೇಳಿಕೊಳ್ಳುವುದು ತಪ್ಪಲ್ಲ ಅಂತ ಇಲ್ಲಿ ನೀವು ನನಗೆ ತಿರುಗಿಸಿ ಹೇಳಬಹುದು. ಸರಿ. ಆದರೆ ಹೆಚ್ಚು ಅಕ್ಕಿ ಆಯ್ದು ತಂದ ಅದೇ ಗಂಡನನ್ನು 'ಇಷ್ಟು ಆಸೆ ಯಾಕೆ, ವಾಪಸ್ ಸುರಿದು ಬಾ' ಅಂತ ಕಳಿಸಿದವಳೂ ಅವಳೇ. ಗಂಡನ ಹೆಸರು ಹಾಕಿಕೊಂಡೂ ತಾನು ಮಾಯವಾಗಲಿಲ್ಲ.

ನಮ್ಮ ಹೆಸರುಗಳ ರೀತಿಯನ್ನೇ ನೋಡಿ. ಕುವೆಂಪು ಅಂದರೆ ಊರು ಕುಪ್ಪಳಿ, ಅಪ್ಪ ವೆಂಕಟಪ್ಪ, ಆಮೇಲೆ ಪುಟ್ಟಪ್ಪ. ಬೇಂದ್ರೆಯವರು ಅಂಬಿಕಾತನಯದತ್ತ ಅಂತ ಬರೆದರು, ಅಂಬಿಕೆಯ ಮಗ ದತ್ತ ಅಂತ. ಬೆಳೆದ ಮಗ ತಾನಾಗಿ, ತನ್ನ ಇಷ್ಟದಿಂದ, ಅಮ್ಮನ ಹೆಸರು ಎತ್ತಿಕೊಂಡ. ನಾವು ಇದನ್ನು ಉಲ್ಟಾ ಮಾಡ್ತಿದ್ದೀವಿ: ಒಂಬತ್ತು ವರ್ಷದ ಹುಡುಗನನ್ನು ಕೇಳದೆ ಅವನ ಹೆಸರು, ವಯಸ್ಸು, ಓದಿದ ಪುಸ್ತಕದ ಲೆಕ್ಕವನ್ನು ಅಮ್ಮನ ಹೆಸರಿನ ಕೆಳಗೆ ಪದಕದ ಹಾಗೆ ನೇತುಹಾಕ್ತಿದ್ದೀವಿ. ಪಿಯಾನೋ ಬಿಟ್ಟು ನಾಳೆ ಅವಳು ಕೆಸರಲ್ಲಿ ಆಡ್ತೀನಿ ಅಂದರೆ? ಅಮ್ಮನ ಸಹಿ ತಿದ್ದಬೇಕಾಗುತ್ತದೆ. ಆ ಮಗುವಿಗೆ ಅದು ಗೊತ್ತಿರುತ್ತದೆ ಕೂಡ. ಶಾಲೆಯ ರ‍್ಯಾಂಕ್ ಪಟ್ಟಿ ಬೇಡ ಅಂತ ತಾನೇ ಶಾಲೆ ಬಿಡಿಸಿದ್ದು? ಪಟ್ಟಿ ನೋಟಿಸ್ ಬೋರ್ಡಿಂದ ಇಳಿದು ಅಮ್ಮನ ಸಹಿಯೊಳಗೆ ಬಂದು ಕೂತಿದೆ, ಅಷ್ಟೇ ವ್ಯತ್ಯಾಸ.

ಇನ್ನೊಂದು ಮಾತು, ಇದು ಸ್ವಲ್ಪ ಹತ್ತಿರದ್ದು. ನಾನು ಚಿಕ್ಕವನಿದ್ದಾಗ ನಮ್ಮೂರಲ್ಲಿ ನಮ್ಮವ್ವನ ಹೆಸರು ಯಾರೂ ಕರೀತಿರಲಿಲ್ಲ. ನನ್ನ ಹೆಸರು ಹೇಳಿ 'ಇಂಥೋನ ಅವ್ವ' ಅಂತಿದ್ದರು. ಅದಕ್ಕೂ ಮುಂಚೆ 'ಇಂಥೋನ ಹೆಂಡ್ರು', ಅದಕ್ಕೂ ಮುಂಚೆ 'ಇಂಥೋನ ಮಗಳು'. ಕೇಂದ್ರ ಸರ್ಕಾರ 1988ರಲ್ಲಿ ಶುರು ಮಾಡಿದ ಸಾಕ್ಷರತಾ ಮಿಷನ್ನಿನ ಗಾಳಿ ತೊಂಬತ್ತರ ದಶಕದಲ್ಲಿ ನಮ್ಮ ಕಡೆಗೂ ಬೀಸಿತು. ರಾತ್ರಿ ಊಟ ಆದ ಮೇಲೆ ಹೆಂಗಸರು ಸ್ಲೇಟು ಹಿಡ್ಕೊಂಡು ಹೋಗೋರು. ಅವ್ವ ಮೊದಲು ಕಲಿತದ್ದು ತನ್ನ ಹೆಸರು. ಸೊಸೈಟಿಯಲ್ಲಿ ಸೀಮೆಎಣ್ಣೆ ತರೋಕೆ ಹೋದಾಗ ಇಂಕ್ ಪ್ಯಾಡು ಮುಂದೆ ತಳ್ಳಿದವನಿಗೆ "ಪೆನ್ನು ಕೊಡಪ್ಪ" ಅಂದಳಂತೆ. ಇಂಥೋನ ಅವ್ವ ಅಂತ ಬರೀಲಿಲ್ಲ ಅವಳು. ತನ್ನ ಹೆಸರು ಬರೆದಳು, ಸೊಟ್ಟಗೆ, ಗೆರೆ ದಾಟಿ.

ಅಷ್ಟು ದೂರ ಬಂದ ಮೇಲೆ ಎಂಟೆಕ್ ಮಾಡಿದ ಹೆಣ್ಣುಮಗಳೊಬ್ಬಳು ವಾಪಸ್ 'ಮಾಮ್ ಆಫ್ ಟು' ಅಂತ ಬರೆದುಕೊಂಡರೆ ನನಗೆ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಅದೇ ಮನೆಯ ಗಂಡನ ಮೇಲ್ ಸಹಿ ನೋಡಿ: 'ಪ್ರಿನ್ಸಿಪಲ್ ಆರ್ಕಿಟೆಕ್ಟ್'. ಅವನೂ ಎರಡು ಮಕ್ಕಳ ಅಪ್ಪನೇ, ಅದು ಅಲ್ಲಿಲ್ಲ. ಮಗ್ಗಿಯಿಂದ ಹಿಡಿದು ಬೀಜಗಣಿತದವರೆಗೆ ಪಾಠ ಕಟ್ಟುವ, ದಿನಕ್ಕೆ ಆರು ಗಂಟೆ ಕಲಿಸುವ ಹೆಂಗಸಿಗೆ 'ಶಿಕ್ಷಕಿ' ಅಂತ ಬರೆದುಕೊಳ್ಳಲು ಯಾಕೆ ಸಂಕೋಚ? ಚೌಡಯ್ಯ ದೋಣಿ ಹಾಕಿದ, ಅಂಬಿಗ ಅಂದ. ನೀವು ಕಲಿಸ್ತಿದ್ದೀರಿ. ಶಿಕ್ಷಕಿ ಅನ್ನಿ.

ಸರಿ, ಈಗ ಆ ವಾಲ್ಡಾರ್ಫು, ಮಾಂಟೆಸ್ಸೊರಿ. ಈ ಪದಗಳು ಸಹಿಯಲ್ಲಿ ಯಾಕೆ ಬರುತ್ತವೆ ಅಂತ ಎಲ್ಲರಿಗೂ ಗೊತ್ತು, ಬ್ರ್ಯಾಂಡು. ಆದರೆ ಮಾರಿಯಾ ಮಾಂಟೆಸ್ಸೊರಿ 1907ರಲ್ಲಿ ತನ್ನ ಮೊದಲ ಮಕ್ಕಳ ಮನೆ ತೆರೆದದ್ದು ರೋಮ್ ನಗರದ ಸಾನ್ ಲೊರೆಂಜೊದಲ್ಲಿ, ಕೂಲಿಯವರ ಕೇರಿಯಲ್ಲಿ. ರುಡಾಲ್ಫ್ ಸ್ಟೈನರ್‌ನ ಮೊದಲ ಶಾಲೆ 1919ರಲ್ಲಿ ಶುರುವಾದದ್ದು ಜರ್ಮನಿಯ ಸ್ಟುಟ್‌ಗಾರ್ಟ್‌ನ ಒಂದು ಸಿಗರೇಟ್ ಕಾರ್ಖಾನೆಯ ಕಾರ್ಮಿಕರ ಮಕ್ಕಳಿಗೆ. ವಾಲ್ಡಾರ್ಫ್ ಅನ್ನೋದು ಆ ಕಾರ್ಖಾನೆಯ ಹೆಸರು. ನಮ್ಮ ಲೆಕ್ಕದಲ್ಲಿ ಹೇಳೋದಾದರೆ ಬೀಡಿ ಕಟ್ಟುವವರ ಮಕ್ಕಳ ಶಾಲೆ. ಅನ್‌ಸ್ಕೂಲಿಂಗ್ ಅನ್ನೋ ಪದ ಹರಡಿದ ಜಾನ್ ಹೋಲ್ಟ್ ಶಾಲೆಯಲ್ಲಿ ಮೇಷ್ಟ್ರಾಗಿದ್ದವನು, ಸ್ವಂತ ಮಕ್ಕಳಿಲ್ಲದವನು. 1977ರಲ್ಲಿ ಪತ್ರಿಕೆ ಶುರು ಮಾಡಿ ಬೇರೆಯವರ ಮಕ್ಕಳಿಗಾಗಿ ವಾದ ಮಾಡಿದ. ಇವರೆಲ್ಲ ಪಕ್ಕದ ಬೀದಿಯ ಮಗುವಿನ ಬಗ್ಗೆ ಯೋಚಿಸಿದವರು. ಅವರ ಹೆಸರನ್ನು ನಾವು 'ನಮ್ಮ ಮಗು ಪಕ್ಕದ ಬೀದಿಯ ಮಗುವಿನ ಹಾಗಲ್ಲ' ಅಂತ ತೋರಿಸೋಕೆ ಬಳಸ್ತಿದ್ದೀವಿ.

ಪಕ್ಕದ ಬೀದಿ ಅಂದೆನಲ್ಲ, ಅದರ ಭಾಷೆಗೂ ಬರೋಣ. ನಾನು ನೋಡಿದ ಈ ಸಹಿಗಳಲ್ಲಿ ಒಂದರಲ್ಲೂ ಕನ್ನಡದ ಒಂದು ಅಕ್ಷರ ಇರಲಿಲ್ಲ. ಮನೆಯಲ್ಲಿ ಕನ್ನಡವನ್ನೇ ಮಾತಾಡುವವರ ಸಹಿಯಲ್ಲೂ ಇರಲಿಲ್ಲ. 2015ರ ಕನ್ನಡ ಭಾಷಾ ಕಲಿಕೆ ಕಾಯಿದೆ ಈ ರಾಜ್ಯದ ಶಾಲೆಗಳಿಗೆ ಕನ್ನಡವನ್ನು ಮೊದಲ ಅಥವಾ ಎರಡನೇ ಭಾಷೆಯಾಗಿ ಕಲಿಸಬೇಕು ಅನ್ನುತ್ತದೆ. ಅದು ಶಾಲೆಗೆ. ಶಾಲೆಯೇ ಇಲ್ಲದ ಮನೆಗೆ ಆ ಒತ್ತಾಯ ತಲುಪುವುದಿಲ್ಲ. ಅಲ್ಲಿ ಮಗು ಕನ್ನಡ ಓದುತ್ತದೋ ಇಲ್ಲವೋ ಅನ್ನೋದು ಪೂರ್ತಿ ಅಪ್ಪ-ಅಮ್ಮನ ಕೈಯಲ್ಲಿದೆ. ದಿನಾ ಅಮ್ಮ ಹಾಕುವ ಸಹಿ ಮಗು ನೋಡುವ ಮೊದಲ ಕೈಬರಹ. ಅದು ಯಾವ ಲಿಪಿಯಲ್ಲಿದೆಯೋ ಆ ಲಿಪಿ ಗೌರವದ್ದು ಅಂತ ಅದಕ್ಕೆ ಅನ್ನಿಸುತ್ತದೆ. ಹಂಪಿನಗರದ ಸಾರ್ವಜನಿಕ ಗ್ರಂಥಾಲಯದ ಕಪಾಟುಗಳ ಮುಂದೆ ನಿಂತು ಕನ್ನಡ ಪುಸ್ತಕದ ಬೆನ್ನು ಓದಲಾಗದ ಮಗುವಿಗೆ 'ಸ್ವತಂತ್ರ ಕಲಿಕೆ' ಅಂತ ಹೇಗೆ ಹೇಳೋದು? ಮನೆಯಿಂದ ಅರ್ಧ ಗಂಟೆ ದೂರದ ಲೋಕವೇ ಅದಕ್ಕೆ ಮುಚ್ಚಿದೆ.

ಕನ್ನಡದಲ್ಲಿ ಸಹಿ ಹಾಕಿದರೆ ಕಷ್ಟ ಅಂತೀರಾ? ಸ್ವಲ್ಪ ಕಷ್ಟ ಇದೆ, ಸುಳ್ಳು ಹೇಳಲ್ಲ. ಮನೆ ಸಾಲದ ಕಾಗದಗಳಿಗೆ ನಾನು ಕನ್ನಡದಲ್ಲಿ ಸಹಿ ಹಾಕಿದೆ. ಬ್ಯಾಂಕಿನಾಕೆ ಇನ್ನೊಂದು ಹಾಳೆ ತಂದಿಟ್ಟರು: ಪತ್ರದಲ್ಲಿರುವುದನ್ನು ನನಗೆ ಗೊತ್ತಿರುವ ಭಾಷೆಯಲ್ಲಿ ಓದಿ ವಿವರಿಸಲಾಗಿದೆ, ನನಗೆ ಅರ್ಥವಾಗಿದೆ ಅಂತ ಘೋಷಣೆ. ಇಂಗ್ಲಿಷಲ್ಲಿ ಬಿಇ ಮಾಡಿದವನಿಗೆ! ಕನ್ನಡದಲ್ಲಿ ಹೆಸರು ಬರೆದ ತಕ್ಷಣ ಅರ್ಧ ಹೆಬ್ಬೆಟ್ಟು ಆಗಿಬಿಟ್ಟೆ. ಆ ಹಾಳೆಗೂ ಕನ್ನಡದಲ್ಲೇ ಸಹಿ ಹಾಕಿದೆ. ಸಾಲ ಸಿಕ್ಕಿತು. ಇಎಂಐ ಎಲ್ಲರ ಹಾಗೇ ಕಟ್ ಆಗ್ತಿದೆ.

ಇಷ್ಟೆಲ್ಲ ಹೇಳಿದ ಮೇಲೆ ಅವರ ಕಡೆಯ ಮಾತನ್ನೂ ಹೇಳಬೇಕು. ನನ್ನ ಗೆಳತಿ ಬೇಜಾರಲ್ಲಿ ಅಂದದ್ದು ಇದು: "ನಿಮಗೇನು ಗೊತ್ತು? ಲಿಫ್ಟಲ್ಲಿ ಸಿಕ್ಕವರೆಲ್ಲ ಕೇಳ್ತಾರೆ, ಇವತ್ತು ಸ್ಕೂಲಿಲ್ವಾ ಅಂತ. ಅತ್ತೆ ಕೇಳ್ತಾರೆ, ಡಾಕ್ಟ್ರು ಕೇಳ್ತಾರೆ, ವಾಚ್‌ಮ್ಯಾನೂ ಕೇಳ್ತಾನೆ. ದಿನಾ ಉತ್ತರ ಹೇಳಿ ಸಾಕಾಗಿ ಅದನ್ನೇ ಸಹಿ ಮಾಡ್ಕೊಂಡಿದ್ದೀನಿ." ಈ ಮಾತಿಗೆ ನಾನು ನಗಲಾರೆ. ಮೂವತ್ತು ವರ್ಷ ಕೆಲಸ ಮಾಡಿದ ಮೇಷ್ಟ್ರನ್ನು ಯಾರೂ ದಿನಾ 'ನೀವು ಕಲಿಸ್ತೀರಾ ನಿಜವಾಗ್ಲೂ?' ಅಂತ ಕೇಳಲ್ಲ. ಇವರನ್ನು ಕೇಳ್ತಾರೆ. ಆ ನಾಲ್ಕು ಸಾಲು ಅವರಿಗೆ ಗುರಾಣಿ.

ಆದರೆ ಗುರಾಣಿಯಾಗಿ ಹಿಡಿದಿರುವುದು ಮಗುವನ್ನು. ತೊಂದರೆ ಇರೋದು ಅಲ್ಲಿ. ಅತ್ತೆಯ ಪ್ರಶ್ನೆಗೆ ಉತ್ತರ ಮಗುವಿನ ಪಿಯಾನೋ ಗ್ರೇಡ್ ಆದರೆ, ಗ್ರೇಡ್ ಕಡಿಮೆಯಾದ ದಿನ ಅಮ್ಮನ ಇಡೀ ನಿರ್ಧಾರವೇ ತಪ್ಪು ಅಂತಾಗುತ್ತದೆ. ಆರು ವರ್ಷದ ಹುಡುಗಿ ಅಮ್ಮನ ಮಾನ ಕಾಯಬೇಕಾ? ಲಿಫ್ಟಿನ ಪ್ರಶ್ನೆಗೆ ಗಟ್ಟಿ ಉತ್ತರ ಬೇಕಿದ್ದರೆ ಅದು ಬೇರೆ ಕಡೆಯಿಂದ ಬರಬೇಕು.

ಎಲ್ಲಿಂದ? ನನ್ನದೊಂದು ಸಲಹೆ. ನಾಲ್ಕು ಸಾಲು ಅಳಿಸಿ. ಮೂರು ತಿಂಗಳಿಗೊಮ್ಮೆ ಒಂದು ಹಾಳೆ ಬರೆಯಿರಿ. ಇಷ್ಟು ಕಲಿಸಿದೆವು, ಇಷ್ಟು ಆಗಲಿಲ್ಲ, ಇದು ನನಗೆ ಕಲಿಸಲು ಬರುವುದಿಲ್ಲ. ಕೆಳಗೆ ನಿಮ್ಮ ಹೆಸರು, ನಿಮ್ಮ ಕೈಯಲ್ಲಿ, ಕನ್ನಡದಲ್ಲಿ. ಗಂಡನೂ ಹಾಕಲಿ, ಅವನಿಗೂ ಗೊತ್ತಾಗಲಿ. ಪಕ್ಕದಲ್ಲಿ ಇನ್ನೊಂದು ಖಾಲಿ ಜಾಗ ಬಿಡಿ, ಮುಖ್ಯೋಪಾಧ್ಯಾಯರ ಜಾಗ. ರಾಜಾಜಿನಗರದ ಹಳೇ ಬ್ಲಾಕುಗಳಲ್ಲಿ, ವಿಜಯನಗರದಲ್ಲಿ ನಿವೃತ್ತ ಮೇಷ್ಟ್ರುಗಳಿಗೆ, ಟೀಚರಮ್ಮಗಳಿಗೆ ಬರವಿಲ್ಲ. ಬೆಳಗ್ಗೆ ಪಾರ್ಕಲ್ಲಿ ಕೂತು ಇವತ್ತಿನ ಮಕ್ಕಳಿಗೆ ಭಿನ್ನರಾಶಿ ಬರಲ್ಲ ಅಂತ ಬೈತಿರ್ತಾರೆ. ಅವರಲ್ಲೊಬ್ಬರನ್ನು ಮನೆಗೆ ಕರೆದು ಕಾಫಿ ಕೊಡಿ, ಮಗುವಿನ ಜೊತೆ ಒಂದು ಗಂಟೆ ಕೂರಿಸಿ, ಆಮೇಲೆ ಆ ಹಾಳೆ ಮುಂದಿಡಿ. ಒಪ್ಪಿದರೆ ಸಹಿ ಹಾಕಲಿ, ಒಪ್ಪದಿದ್ದರೆ ಯಾಕೆ ಅಂತ ಬರೆಯಲಿ. ಅದು ನಿಮ್ಮ ಕೋಡ್ ರಿವ್ಯೂ. ಅಂಥ ಹತ್ತು ಹಾಳೆ ಫೈಲಲ್ಲಿದ್ದರೆ ಅತ್ತೆಗೂ ಉತ್ತರ, ನಾಳೆ ಯಾವುದಾದರೂ ಶಾಲೆಗೆ ಸೇರಿಸಬೇಕಾಗಿ ಬಂದರೆ ಅಲ್ಲಿನ ಹೆಡ್‌ಮೇಷ್ಟ್ರಿಗೂ ತೋರಿಸಲು ಏನೋ ಇರುತ್ತದೆ. ಎಲೆ ಚಿತ್ರದ ಸಹಿಯನ್ನು ಅವರು ಏನು ಮಾಡಿಯಾರು?

ಕೊನೆಯದಾಗಿ, ಮಗುವಿನ ಸಹಿ. ಮನೆಯಲ್ಲಿ ಓದಿದ ಎಷ್ಟೋ ಮಕ್ಕಳು ಹತ್ತನೇ ತರಗತಿಗೆ ಎನ್‌ಐಒಎಸ್ ಪರೀಕ್ಷೆ ಕಟ್ಟುತ್ತಾರೆ. 1989ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಮುಕ್ತ ಶಾಲೆ ಅದು. ಹತ್ತನೇ ತರಗತಿಗೆ ಹದಿನಾಲ್ಕು ತುಂಬಿರಬೇಕು. ಕನ್ನಡವನ್ನೂ ಒಂದು ವಿಷಯವಾಗಿ ತಗೊಳ್ಳಬಹುದು. ಆ ಅರ್ಜಿಯಲ್ಲಿ ವಿದ್ಯಾರ್ಥಿಯ ಫೋಟೋ ಕೇಳ್ತಾರೆ, ಜೊತೆಗೆ ವಿದ್ಯಾರ್ಥಿಯದ್ದೇ ಸಹಿ. ಬಿಳಿ ಹಾಳೆ ಮೇಲೆ ಬರೆದು, ಸ್ಕ್ಯಾನ್ ಮಾಡಿ ಹಾಕಬೇಕು. ಅಲ್ಲಿ ಅಮ್ಮನ ನಾಲ್ಕು ಸಾಲಿಗೆ ಜಾಗವಿಲ್ಲ. ವಾಲ್ಡಾರ್ಫಿಗೂ ಇಲ್ಲ.

ಹದಿನಾಲ್ಕು ವರ್ಷದ ಆ ಹುಡುಗ, ಆ ಹುಡುಗಿ ಪೆನ್ನು ಹಿಡಿದು ಯಾವ ಹೆಸರು ಬರೀತಾರೆ, ಯಾವ ಲಿಪಿಯಲ್ಲಿ ಬರೀತಾರೆ, ಅಪ್ಪನ ಇನಿಷಿಯಲ್ ಹಾಕ್ತಾರೋ ಅಮ್ಮನದ್ದು ಹಾಕ್ತಾರೋ, ಅದು ಅವರು ತೀರ್ಮಾನ ಮಾಡಲಿ. ಗೀಚಿ ಗೀಚಿ ಒಂದು ನೋಟ್‌ಬುಕ್ ಹಾಳು ಮಾಡಲಿ, ನಾವೂ ಮಾಡಿದ್ದೆವು. ಅಲ್ಲಿಯವರೆಗೆ ಅವರ ಹೆಸರನ್ನು ಅವರಿಗಾಗಿ ಎತ್ತಿಡಿ. ನಿಮ್ಮ ಕಾಗದದ ಕೆಳಗೆ ನಿಮ್ಮ ಹೆಸರು ಸಾಕು.